ಬಾವಿಯ ಕಡೆಗಿನ ಇಳಿಜಾರು

ಇವತ್ತು ಬೆಳಿಗ್ಗೆ ನಮ್ಮ ರಸಮೇವಿನ ಗುಂಡಿಯ ಹೊದಿಕೆ ಸರಿಸಿದಾಗ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಅದರ ಹಿಂದೆಯೇ ಪಕ್ಕದ ಹೊಲದ ಕಾಕಿ ನೆನಪಾದಳು...

ಕರಜಗಿಯಲ್ಲಿ ನಮ್ಮ ಬದುವಿಗೆ ಹೊಂದಿಕೊಂಡೇ ಅವಳ ಹೊಲ. ಗಂಡ ತೀರಿದ ಮೇಲೆ ಅವಳೂ ಮೈದುನನೂ ಅಲ್ಲೇ ಬೇರೆ ಬೇರೆ ಎಮ್ಮೆ ಕಟ್ಟಿದ್ದರು. ಬಾವಿ ಮಾತ್ರ ಒಂದೇ. ಮನೆಗೂ ದನಕ್ಕೂ ಅದೇ ನೀರು.

ಮೈದುನ ಹಸಿ ಜೋಳ ಕತ್ತರಿಸಿ ತುಳಿದು, ಹುಳಿಬರಿಸಿ ರಸಮೇವು ಮಾಡಲು ಸಿಮೆಂಟಿನ ಗುಂಡಿ ಕಟ್ಟಿಸಿದ. ಮೇವಿನ ರಸ ಬಸಿದು ಹೋಗಲು ನೆಲ ಇಳಿಜಾರಾಗಿರಬೇಕು. ಹೊಲದ ಕಡೆ ಅಗೆಯುವ ಕೆಲಸ ಹೆಚ್ಚೆಂದು ಅವನು ಇಳಿಜಾರನ್ನು ಬಾವಿಯ ಕಡೆಗೇ ಕೊಟ್ಟ.

“ತಮ್ಮಾ, ಆ ರಸ ಬಾವಿಗಿ ಇಳೀತದ. ಹೊಲದ ಕಡಿ ತಿರುಗಸು,” ಎಂದಳು ಕಾಕಿ.

“ನೀ ಹಾಲ ಹಿಂಡಕೊಂಡ ಸುಮ್ಮನ ಇರು, ವೈನಿ.”

ಗುಂಡಿ ತುಂಬಿದ ಮೇಲೆ ಬಾವಿಯ ನೀರು ಕಂದು ಬಣ್ಣಕ್ಕೆ ತಿರುಗಿ ನಾರತೊಡಗಿತು. ಎಮ್ಮೆಗಳು ಮೂಸಿ ಮುಖ ತಿರುಗಿಸಿದವು. ಕಾಕಿ ದೂರದಿಂದ ನೀರು ಹೊತ್ತಳು, ಅವನನ್ನು ದಿನವೂ ಬೈದಳು. ಆ ಮೇವು ಖಾಲಿಯಾಗಿ ಅವನು ಮತ್ತೆ ತುಂಬಲು ಹೊರಟ ದಿನ, ಅವಳು ಹಾರೆ ಹಿಡಿದು ಗುಂಡಿಗೆ ಇಳಿದು ನೆಲ ಒಡೆಯತೊಡಗಿದಳು.

ಅವನು ಸಲಿಕೆ ಹಿಡಿದು ಗುಂಡಿಗೆ ಹಾರಿದ. ಅದರ ಹಿಡಿಕೆಯಿಂದ ಅವಳ ಬೆನ್ನಿಗೆ ಹೊಡೆದ. ಅವಳು ನಿಲ್ಲಲಿಲ್ಲ. ಎರಡನೆಯ ಏಟು ಮುಂಗೈಗೆ ಬಿತ್ತು. ಎಲುಬು ಮುರಿದ ಸದ್ದು ಬದುವಿನ ಮೇಲಿದ್ದ ನನಗೂ ಕೇಳಿತು. ಓಡಿ ಹೋಗಿ ಅವನ ಮೇಲೆ ಬಿದ್ದೆ. ಇಬ್ಬರೂ ಉರುಳಾಡಿದೆವು. ಅವನು ನನ್ನ ಹೆಗಲು ಕಚ್ಚಿದ, ನಾನು ಅವನ ಮೂಗಿಗೆ ಗುದ್ದಿದೆ. ರಕ್ತ ಯಾರದೆಂದು ತಿಳಿಯಲಿಲ್ಲ...

ತಲೆಯೆತ್ತಿದರೆ ಕಾಕಿ ನಿಂತಿದ್ದಳು. ಬಲಗೈ ಜೋತಾಡುತ್ತಿತ್ತು. ಎಡಗೈಯಲ್ಲಿ ಹಾರೆ, ಸರಿಯಾಗಿ ಅವನ ತಲೆಯ ಮೇಲೆ. ಅವನು ಕಣ್ಣು ಮುಚ್ಚಿದ. ಹಾರೆ ಅವನ ಕಿವಿಯ ಪಕ್ಕಕ್ಕೆ ಬಿತ್ತು, ಸಿಮೆಂಟು ಸಿಡಿದು ಅವನ ಕೆನ್ನೆ ಸೀಳಿತು.

“ನಿಮ್ಮಣ್ಣ ತೋಡಿದ ಬಾವಿ ಅದು, ಲೇ,” ಎಂದಳು. ಆಮೇಲೆ ಅಲ್ಲೇ ಕುಸಿದಳು.

ನೆಲವನ್ನು ಅವನೇ ಪೂರ್ತಿ ಒಡೆದು ಹೊಲದ ಕಡೆಗೆ ಇಳಿಜಾರು ಮಾಡಿಸಿದ. ಎರಡು ಮಳೆಗಾಲಕ್ಕೆ ನೀರು ತಿಳಿಯಾಯಿತು. ಕಾಕಿಯ ಕೈ ಮಾತ್ರ ಸೊಟ್ಟಗೇ ಕೂಡಿತು. ಆ ಕೈಯಲ್ಲೇ ಹಾಲು ಹಿಂಡಿದಳು, ಬೈಗುಳವನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ ಕೇಳುತ್ತಿದ್ದ.

ಹೋದ ವರ್ಷ ಅವಳು ತೀರಿಕೊಂಡಳು. ಕಡೆಯ ಸ್ನಾನಕ್ಕೆ ನೀರು ಬೇಕಾದಾಗ ಅವನು ಕೊಡವನ್ನು ಬೇರೆ ಯಾರ ಕೈಗೂ ಕೊಡಲಿಲ್ಲ.

ಈಗ ಬದುವಿನ ಆಚೆ ಅವನೊಬ್ಬನೇ. ನನ್ನನ್ನು ಕಂಡರೆ ಕರೆದು ಕೂರಿಸುತ್ತಾನೆ, ಮಾತು ಕಡಿಮೆ. ಮೊನ್ನೆ ಮಾತ್ರ ತಾನಾಗಿಯೇ ಅಂದ:

“ನನಗ ಬೈಯವ್ರು ಯಾರೂ ಉಳದಿಲ್ಲ ನೋಡ್ರಿ.”