ಹಿಡಿ ಅಕ್ಕಿಯ ಯಾದಿ

ಪ್ರತಿ ನವೆಂಬರಿನಲ್ಲಿ ನಾನು ಮುಂಬಯಿ ಪಕ್ಕದ ಡೊಂಬಿವಲಿಯ ಬ್ಯಾಂಕಿಗೆ ಹೋಗಿ, ಇನ್ನೂ ಬದುಕಿದ್ದೇನೆ ಎಂದು ಬರೆದುಕೊಟ್ಟು ಬರಬೇಕು. ಪಿಂಚಣಿದಾರರಿಗೆ ಅದು ವರ್ಷಕ್ಕೊಮ್ಮೆ ಬರುವ ಹಬ್ಬ. ಸಾಲಿನಲ್ಲಿ ನಿಂತವರು ಒಬ್ಬರನ್ನೊಬ್ಬರು ನೋಡಿ, 'ಓ, ನೀವೂ ಇದ್ದೀರಾ?' ಎಂದು ನಗುತ್ತಾರೆ. ಕಳೆದ ಸಲ ಇದ್ದವರು ಈ ಸಲ ಕಾಣದಿದ್ದರೆ ಯಾರೂ ವಿಚಾರಿಸಲು ಹೋಗುವುದಿಲ್ಲ. ಈ ವರ್ಷ ನನ್ನ ಮುಂದೆ ಒಬ್ಬ ಮುದುಕಿ ಇದ್ದಳು. ಬ್ಯಾಂಕಿನವನು ಸ್ಟಾಂಪ್ ಪ್ಯಾಡಿನ ಮುಚ್ಚಳ ತೆರೆದು, ಅವಳ ಎಡಗೈ ಹೆಬ್ಬೆರಳನ್ನು ಹಿಡಿದು ಒತ್ತಿಸಿದ. ಆ ನೀಲಿ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸಾಲಿನಲ್ಲಿ ಒಂದು ಹೆಜ್ಜೆ ಹಿಂದೆ ಸರಿದೆ. ಇಪ್ಪತ್ತೆಂಟು ವರ್ಷ ಬೇಲಾಪುರದ ಸರಕಾರಿ ಕಚೇರಿಯಲ್ಲಿ ಅದೇ ವಾಸನೆಯ ಪಕ್ಕದಲ್ಲಿ ಕೂತು ಡಬ್ಬಿ ಊಟ ಮಾಡಿದವಳು ನಾನು. ಶಾಯಿಗೆ ಅಂಜುವ ಹೆಂಗಸಲ್ಲ. ನೆನಪಾದದ್ದು ಕಚೇರಿಯಲ್ಲ, ಡೊಂಬಿವಲಿಯಿಂದ ಎರಡು ಸ್ಟೇಷನ್ ಆಚೆಯ ದಿವಾ.

ಮೊದಲು ಅಕ್ಕಿಯ ವಿಷಯ ಹೇಳಬೇಕು. ನಮ್ಮದು ಕರಾವಳಿಯ ಹಳೆಯ ಕ್ರೈಸ್ತ ಕುಟುಂಬ. ಮನೆಯಲ್ಲಿ ತುಳು, ಪ್ರಾರ್ಥನೆಗೆ ಕನ್ನಡ, ಕಚೇರಿಗೆ ಮರಾಠಿ, ರಿಕ್ಷಾದವನ ಹತ್ತಿರ ಜಗಳಕ್ಕೆ ಹಿಂದಿ. ಡೊಂಬಿವಲಿಯ ನಮ್ಮ ಸಭೆಯ ಸ್ತ್ರೀ ಸಮಾಜದಲ್ಲಿ ಹಿಡಿ ಅಕ್ಕಿಯ ಪದ್ಧತಿ ಇತ್ತು. ಅನ್ನಕ್ಕೆಂದು ಅಕ್ಕಿ ಅಳೆದ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುವುದು. ತಿಂಗಳ ಮೊದಲ ಭಾನುವಾರ ಎಲ್ಲರ ಡಬ್ಬಗಳೂ ದೇವಾಲಯಕ್ಕೆ ಬರುತ್ತಿದ್ದವು, ಒಟ್ಟು ಸೇರಿದ್ದು ಸೇವೆಗೆ ಹೋಗುತ್ತಿತ್ತು. 'ಉಂಡು ಉಳಿದದ್ದನ್ನು ಕೊಡುವುದಲ್ಲ ಮಗಾ, ಉಣ್ಣುವುದರಿಂದ ಕೊಡುವುದು' ಎನ್ನುತ್ತಿದ್ದರು ನನ್ನ ಅಮ್ಮ. ಮಾತು ದೊಡ್ಡದೇ. ಆದರೆ ಇಪ್ಪತ್ತು ಮನೆಯ ಅಕ್ಕಿ ಒಂದೇ ಚೀಲಕ್ಕೆ ಬಿದ್ದರೆ ಏನಾಗುತ್ತದೆ ಎಂದು ಅಡಿಗೆ ಮಾಡಿದವರಿಗೆ ಗೊತ್ತು. ಕುಚ್ಚಲಕ್ಕಿ, ಕೋಲಮ್, ಇಡ್ಲಿ ಅಕ್ಕಿ, ಯಾರೋ ಶ್ರೀಮಂತರ ಮನೆಯ ಬಾಸ್ಮತಿ ನುಚ್ಚು! ಒಂದು ಗಂಜಿಯಾಗಿ ಕರಗುವ ಹೊತ್ತಿಗೆ ಇನ್ನೊಂದು ಇನ್ನೂ ಕಲ್ಲಾಗಿರುತ್ತದೆ.

ಆ ಚೀಲ ಹೋಗುತ್ತಿದ್ದದ್ದು ದಿವಾದ ಪಾಸ್ಟರ್ ಶಾಂತಪ್ಪನವರ ಮನೆಗೆ. ಅವರ ಹೆಂಡತಿ ರೂತಮ್ಮ ಮೊರದಲ್ಲಿ ಹರವಿಕೊಂಡು ಅಕ್ಕಿಗಳನ್ನು ಬೇರೆ ಬೇರೆ ಮಾಡುತ್ತಿದ್ದಳು. "ಅಕ್ಕಾರ, ನಿಮ್ಮ ಕಡಿ ದಪ್ಪಕ್ಕಿ ಮದ್ಲ ಆರಿಸಿ ಕುದೀಲಿಕ್ಕೆ ಇಡ್ತೀನ್ರಿ. ಅದು ಮೆತ್ತಗಾಗೂದ್ರಾಗ ಇವರ ಉಪದೇಶ ಮುಗೀತದ" ಎಂದು ನಗುವಳು. ಜೋಳದ ರೊಟ್ಟಿಯ ಮನೆತನದವರು ಪಾಪ, ನಮ್ಮ ದೆಸೆಯಿಂದ ಅನ್ನ ಉಣ್ಣುವುದನ್ನು ಕಲಿತರು.

ಶಾಂತಪ್ಪನವರು ರಾಯಚೂರು ಕಡೆಯವರು. ಸೆಂಟ್ರಿಂಗ್ ಕೆಲಸಕ್ಕೆ ಬಂದು, ಕಟ್ಟಡಗಳಿಗೆ ಹಲಗೆ ಬಡಿಯುತ್ತಲೇ ತಮ್ಮ ಸೀಮೆಯ ಕೂಲಿಯವರನ್ನು ಭಾನುವಾರದ ಪ್ರಾರ್ಥನೆಗೆ ಸೇರಿಸತೊಡಗಿದವರು. ಅವರ ಅಜ್ಜನ ಕಾಲಕ್ಕೇ ಕ್ರೈಸ್ತರಾದ ಮನೆತನ. ಆದರೂ ಅವರಿದ್ದ ಸಾಲುಕೋಣೆಗಳ ಚಾಳಿನಲ್ಲಿ ಅವರನ್ನು ನಿನ್ನೆ ಮೊನ್ನೆ ಯಾರೋ ಹಣ ಕೊಟ್ಟು ಕೊಂಡುಕೊಂಡವರಂತೆ ನೋಡುತ್ತಿದ್ದರು. ತಗಡಿನ ಮಾಡಿನ ಒಂದೇ ಕೋಣೆ. ಆರು ದಿನ ಅದು ಸಂಸಾರ, ಭಾನುವಾರ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ದೇವಾಲಯ. ನಮ್ಮ ಅಕ್ಕಿ ಹೋಗತೊಡಗಿದ ಮೇಲೆ ಅವರು ಕೂಲಿ ಬಿಟ್ಟು ಪೂರ್ತಿ ಸೇವೆಗೆ ನಿಂತರು. 'ದಿವಾ ಸೇವೆಯು ನಮ್ಮ ಸಮಾಜದ ಬೆಂಬಲದಿಂದ ನಡೆಯುತ್ತಿದೆ' ಎಂದು ವಾರ್ಷಿಕ ವರದಿಯಲ್ಲಿ ಬರೆದುಕೊಳ್ಳುತ್ತಿದ್ದೆವು. ವರದಿ ಬರೆಯುತ್ತಿದ್ದವಳು ನಾನೇ. 'ಬೆಂಬಲ' ಎಂಬ ಶಬ್ದದ ಮೇಲೆ ನನಗೆ ಸ್ವಲ್ಪ ಹೆಚ್ಚೇ ಪ್ರೀತಿ ಇತ್ತು.

ಡೊಂಬಿವಲಿಯಲ್ಲಿ ನಾವು ಗಂಟೆ ಬಾರಿಸಿ, ಮೈಕು ಇಟ್ಟು ಹಾಡುತ್ತಿದ್ದೆವು. ದಿವಾದಲ್ಲಿ ಹಾಗಿರಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ನಾಲ್ಕೈದು ಮಂದಿ ತರುಣರು ಬಾಗಿಲ ಎದುರು ನಿಂತು, ಒಳಗೆ ಎಷ್ಟು ಜನರಿದ್ದಾರೆ ಎಂದು ಚಪ್ಪಲಿ ಎಣಿಸುತ್ತಿದ್ದರು. ಒಂದು ಕ್ರಿಸ್ಮಸ್ಸಿಗೆ ತಗಡಿನ ಮೇಲೆ ಕಲ್ಲು ಬಿದ್ದಿತ್ತು. ಶಾಂತಪ್ಪನವರು ಯಾರ ಹತ್ತಿರವೂ ದೂರು ಹೇಳದೆ, ಹೊರಗಿನ ಬೋರ್ಡನ್ನು ತಾವೇ ಇಳಿಸಿ ನೀರಿನ ಪೀಪಾಯಿಗೆ ಮುಚ್ಚಳ ಮಾಡಿದರು. ನನಗೆ ಒಂದು ಮಾತು ಮಾತ್ರ ಪದೇ ಪದೇ ಹೇಳುತ್ತಿದ್ದರು: "ಹೊಸದಾಗಿ ಬಂದವ್ರಿಗೆ ಏನೂ ಕೊಡಬ್ಯಾಡ್ರಿ ಅಕ್ಕಾರ. ನೀರು ಕೇಳಿದ್ರ ಕೊಡ್ರಿ. ಹೆಸರೂ ಕೇಳಬ್ಯಾಡ್ರಿ. ತಾವಾಗಿ ಹೇಳಿದ್ರ ಹೇಳ್ಲಿ." ಹೆಸರು ಕೇಳದೆ ಸಂಘ ಕಟ್ಟುವುದು ಹೇಗೆ? ಪಾಪ, ಓದಿದವರಲ್ಲ, ವ್ಯವಸ್ಥೆ ಗೊತ್ತಿಲ್ಲ ಎಂದುಕೊಂಡೆ.

ನನಗೆ ವ್ಯವಸ್ಥೆ ಗೊತ್ತಿತ್ತು. ಕಾಗದದ ಮೇಲೆ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿದವಳು ನಾನು. "ನಿನ್ನ ಕೈಗೆ ಸ್ವರ್ಗದ ಬಾಗಿಲು ಕೊಟ್ಟರೆ ಒಳಗೆ ಬಂದವರ ಸಹಿ ತಗೊಳ್ತೀಯ ಮಾರಾಯ್ತಿ" ಎಂದು ನನ್ನ ಗಂಡ ರೇಗಿಸುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದೆ.

ಒಂದು ವರ್ಷ ಮಳೆ ವಾರಗಟ್ಟಲೆ ಬಿಡಲಿಲ್ಲ. ಕಟ್ಟಡದ ಕೆಲಸಗಳು ನಿಂತವು, ಚಾಳಿನ ಕೂಲಿಯವರ ಒಲೆಗಳೂ ನಿಂತವು. ಆ ತಿಂಗಳು ನಮ್ಮಲ್ಲಿ ಅಕ್ಕಿ ಎಂದಿಗಿಂತ ಹೆಚ್ಚು ಬಂದಿತ್ತು. ಸಮಾಜದ ಇಬ್ಬರು ಹೆಂಗಸರಿಗೆ ಪರಸ್ಪರ ಮನಸ್ತಾಪವಾಗಿ, ಪೈಪೋಟಿಯಲ್ಲಿ ಡಬ್ಬ ತುಂಬಿದ್ದರು. ದೇವರು ಜಗಳದಿಂದಲೂ ಕೆಲಸ ತೆಗೆಯುತ್ತಾನೆ. ಚಾಳಿನಲ್ಲಿ ಯಾರ ಧರ್ಮ ಯಾವುದೇ ಇರಲಿ, ಎಲ್ಲ ಮನೆಗೂ ಹಂಚೋಣ ಎಂದೆ ನಾನು. ಶಾಂತಪ್ಪನವರು ಬಾಗಿಲ ಹೊರಗೆ ಒಮ್ಮೆ ನೋಡಿ ಬಂದರು. "ಹಸಿದವ್ರಿಗೆ ಕೊಡಬ್ಯಾಡ ಅನ್ನಲಿಕ್ಕೆ ನನಗ ಬಾಯಿ ಬರಂಗಿಲ್ಲ. ಆದ್ರ ಸದ್ದಿಲ್ದಂಗ ಮನಿಮನಿಗೆ ಮುಟ್ಟಿಸಿಬಿಡೂಣ್ರಿ" ಎಂದರು. "ಸದ್ದಿಲ್ಲದೆ ಕೊಟ್ಟರೆ ನಾಳೆ ಸಮಾಜದಲ್ಲಿ ಕೇಳಿದವರಿಗೆ ನಾನು ಏನು ತೋರಿಸುವುದು?" ಎಂದು ಅವರ ಬಾಯಿ ಮುಚ್ಚಿಸಿದೆ.

ಹಾಗೆ ಒಂದು ಭಾನುವಾರ ಮಧ್ಯಾಹ್ನ, ಪಾಸ್ಟರ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಬ್ಯಾಗಿನಿಂದ ಸ್ಟಾಂಪ್ ಪ್ಯಾಡು ತೆಗೆದು ಕೂತೆ. ಒಂದೊಂದೇ ಹೆಸರು, ಎದುರಿಗೆ ಹೆಬ್ಬೆಟ್ಟು. ವಿಜಯಪುರ ಕಡೆಯ ನಾಗಮ್ಮ ಎಂಬವಳು ಮಾತ್ರ ಬೆರಳು ಹಿಂದೆಗೆದಳು. ಇಟ್ಟಿಗೆ ಹೊರುವ ಕೆಲಸದವಳು, ಎಲ್ಲಮ್ಮನ ಒಕ್ಕಲು, ಪ್ರಾರ್ಥನೆಗೆ ಒಮ್ಮೆಯೂ ಬಂದವಳಲ್ಲ.

"ಹೆಬ್ಬಟ್ಟು ಯಾಕ್ರಿ? ನಾ ನಿಮ್ಮ ದೇವರಾಕಿ ಅಲ್ಲ."

"ಏನಿಲ್ಲಮ್ಮ, ಅಕ್ಕಿ ಮುಟ್ಟಿತು ಅಂತ ಅಷ್ಟೇ."

ಅವಳು ಒಳಗೆ ನಿಂತಿದ್ದ ಶಾಂತಪ್ಪನವರ ಮುಖ ನೋಡಿದಳು. "ಪಾಸ್ಟರ ಮನ್ಯಾಗ ಕೂತು ಕೇಳ್ತೀರಿ ಅಂದ್ರ ಒತ್ತತೀನಿ" ಎಂದು ಒತ್ತಿದಳು.

ಯಾದಿಯನ್ನು ನಾನು ಮರಾಠಿಯಲ್ಲಿ ಬರೆದಿದ್ದೆ. ಯಾಕೆ ಎಂದು ಕೇಳಬೇಡಿ. ಅಷ್ಟು ವರ್ಷ ಕಚೇರಿಯಲ್ಲಿ ಬರೆದ ಕೈ. ಯಾದಿ ಎಂದ ಕೂಡಲೇ ಅದು ತಾನಾಗಿ ಮರಾಠಿಗೆ ಹೊರಳುತ್ತಿತ್ತು. ಮೇಲೆ ತಲೆಬರಹ: 'ಸುವಾರ್ತಾ ಸೇವಾ, ದಿವಾ', ಅಂದರೆ ಕ್ರಿಸ್ತನ ಸುವಾರ್ತೆ ಸಾರುವ ಸೇವೆ. ಅದರ ಕೆಳಗೆ ಅಡ್ಡಗೆರೆ ಎಳೆದು: 'ಅಕ್ಕಿ ಪಡೆದವರ ಯಾದಿ.' ಕಾರ್ಬನ್ ಇಟ್ಟು ಮೂರು ಪ್ರತಿ. ಒಂದು ಸಮಾಜಕ್ಕೆ, ಒಂದು ಪಾಸ್ಟರಿಗೆ, ಒಂದು ಎಲ್ಲರಿಗೂ ಕಾಣಲಿ ಎಂದು ಗೋಡೆಗೆ. ಕನ್ನಡದಲ್ಲಿ ಬರೆದಿದ್ದರೆ ಬಾಗಿಲಲ್ಲಿ ನಿಲ್ಲುತ್ತಿದ್ದವರಿಗೆ ಅದು ಗೋಡೆಯ ಮೇಲಿನ ಗೀಚು ಅಷ್ಟೇ ಆಗುತ್ತಿತ್ತು. ಮರಾಠಿಯಲ್ಲಿ ಆ ಎರಡು ಸಾಲುಗಳನ್ನು ಒಟ್ಟಿಗೆ ಓದಿದವನಿಗೆ ಇನ್ನೇನು ಅರ್ಥವಾಗಬೇಕು, ನೀವೇ ಹೇಳಿ.

ಮುಂದಿನ ವಾರ ಗೋಡೆಯ ಪ್ರತಿ ಮಾಯವಾಗಿತ್ತು. ಮರುದಿನ ಮಧ್ಯಾಹ್ನ ಕಚೇರಿಗೆ ರೂತಮ್ಮನ ಫೋನು ಬಂತು. ಬಾಗಿಲಲ್ಲಿ ಚಪ್ಪಲಿ ಎಣಿಸುತ್ತಿದ್ದ ಆ ತರುಣರು ಯಾದಿ ಹಿಡಿದುಕೊಂಡು ಮನೆಮನೆಗೆ ಹೋಗಿ ಹೆಸರು ಕೂಗಿ, 'ಎಷ್ಟು ಅಕ್ಕಿಗೆ ಧರ್ಮ ಮಾರಿದಿರಿ?' ಎಂದು ಕೇಳಿದರಂತೆ. ಆಮೇಲೆ ಶಾಂತಪ್ಪನವರನ್ನು ಪೊಲೀಸ್ ಚೌಕಿಗೆ ಕರೆಸಿದ್ದಾರೆ. "ಮರಾಠಿ ಬಲ್ಲೋರು ನೀವೊಬ್ರೇ ಅಕ್ಕಾರ, ಬರ್ರಿ." ಅರ್ಧ ದಿನ ರಜೆ ಹಾಕಿ ಹೊರಟೆ. ರೈಲಿನಲ್ಲಿ ಥಾಣೆಗೆ ಬಂದು, ಅಲ್ಲಿ ಸ್ಲೋ ಲೋಕಲ್ ಗಾಡಿ ಹಿಡಿದು, ದಿವಾದಲ್ಲಿ ಇಳಿಯುವವರೆಗೂ ಚೌಕಿಯಲ್ಲಿ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಒಪ್ಪ ಮಾಡುತ್ತಿದ್ದೆ. ಧೈರ್ಯದ ಮಾತುಗಳೇ ಎಲ್ಲ.

ಚೌಕಿಯಲ್ಲಿ ಅಧಿಕಾರಿಯ ಮೇಜಿನ ಮೇಲೆ ನನ್ನ ಯಾದಿ ಇತ್ತು. ಅವರು ಬೆರಳಿನಿಂದ ಅದನ್ನು ತಟ್ಟಿ, "ಹೇ ಕುಣೀ ಲಿಹಿಲಂ?" ಎಂದರು. ಯಾರು ಬರೆದದ್ದು ಎಂದು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಿವೃತ್ತಿಗೆ ಉಳಿದ ಆರು ವರ್ಷ, ಇಲಾಖೆಯ ವಿಚಾರಣೆ, ಪಿಂಚಣಿ, ಸೊಸೈಟಿಯ ನೆರೆಹೊರೆ ಎಲ್ಲ ಕಣ್ಣ ಮುಂದೆ ಬಂದು ನಿಂತವು. ಮಾತು ಹೊರಡಲಿಲ್ಲ.

"ಮೈನೇ ಲಿಖಾ ಸಾಬ್" ಎಂದರು ಶಾಂತಪ್ಪನವರು.

ಹಾಗಾದರೆ, ಇನ್ನು ಆ ಕೋಣೆಯಲ್ಲಿ ಸಭೆ ಸೇರಿಸುವುದಿಲ್ಲ ಎಂದೂ ಮರಾಠಿಯಲ್ಲೇ ಬರೆದುಕೊಡು ಎಂದು ಅಧಿಕಾರಿ ಹಾಳೆ ಮುಂದೆ ತಳ್ಳಿದರು. ಶಾಂತಪ್ಪನವರು ಪೆನ್ನು ಹಿಡಿದು ಹಾಳೆಯನ್ನು ಅತ್ತಿತ್ತ ಸರಿಸಿದರು. ಅವರಿಗೆ ಕನ್ನಡದ ಬೈಬಲು ಬಾಯಿಪಾಠವಿತ್ತು. ಮರಾಠಿಯಲ್ಲಿ ಸ್ಟೇಷನ್ನಿನ ಹೆಸರು ಓದಲೂ ಬರುತ್ತಿರಲಿಲ್ಲ. ಕೊನೆಗೆ ಪೆನ್ನನ್ನು ನನ್ನ ಕಡೆಗೆ ನೀಡಿ, "ನೀವು ಬರೀರಿ ಅಕ್ಕಾರ, ಸಹಿ ನಾ ಹಾಕ್ತೀನಿ" ಎಂದರು. ನಾನು ಬರೆದೆ. ಸಾಲು ಓರೆಯಾಗದಂತೆ, ಅಂಚು ಬಿಟ್ಟು, ನೀಟಾಗಿ ಬರೆದೆ. ಅಧಿಕಾರಿ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ನನ್ನ ಮುಖ ನೋಡಿ, "ಅಕ್ಷರ ಛಾನ್ ಆಹೇ, ಮ್ಯಾಡಮ್" ಎಂದಷ್ಟೇ ಹೇಳಿ ಮಡಚಿಟ್ಟರು. ಹೌದು, ನನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ.

ಹೊರಗೆ ಬಂದ ಮೇಲೆ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. "ನೀವು ನಮ್ಮ ಸಲುವಾಗಿ ಬಂದೋರು. ನಿಮಗ ಏನರೆ ಆದ್ರ, ನಾಳಿಗಿ ನಮ್ಮ ಸಲುವಾಗಿ ಮತ್ತೊಬ್ರು ಬರಂಗಿಲ್ರಿ" ಎಂದರು. ನನಗೆ ನಾಚಿಕೆಯಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಸಮಾಧಾನ. ಲೋಕಲ್ಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದಷ್ಟು ಸಮಾಧಾನ.

ಕೋಣೆಯ ಮಾಲೀಕ ತಿಂಗಳೊಳಗೆ ಬಿಡಿಸಿದ. ನಾಗಮ್ಮನನ್ನೂ ಅವಳ ಖೋಲಿಯಿಂದ ಎಬ್ಬಿಸಿದರು. ಹೋಗುವ ದಿನ ಅವಳು ಗಲ್ಲಿಯ ಮಧ್ಯೆ ನಿಂತು, "ನನ್ನ ಹೆಬ್ಬಟ್ಟು ಮಾರ್ಕೊಂಡ್ಯಲ್ಲೋ!" ಎಂದು ಶಾಂತಪ್ಪನವರಿಗೆ ಬೈದಳಂತೆ. ಅವರು ತಲೆ ತಗ್ಗಿಸಿ ಕೇಳಿಕೊಂಡರಂತೆ. ಹೆಸರು ಬರೆದು ಮೇಲಿನವರಿಗೆ ಕಳಿಸಿ ಹಣ ಪಡೆದ ಎಂದು ಪ್ರಾರ್ಥನೆಗೆ ಬರುತ್ತಿದ್ದವರಲ್ಲೂ ಕೆಲವರು ನಂಬಿ ದೂರವಾದರು. ನಮ್ಮ ಸಮಾಜದಲ್ಲಿ, ಸ್ವಲ್ಪ ಕಾಲ ಹಿಡಿ ಅಕ್ಕಿ ನಿಲ್ಲಿಸುವುದು ಕ್ಷೇಮ ಎಂಬ ಮಾತು ಬಂದಾಗ ಮೊದಲು ಕೈ ಎತ್ತಿದವಳು ನಾನು. ಆ ಸ್ವಲ್ಪ ಕಾಲ ಇನ್ನೂ ಮುಗಿದಿಲ್ಲ. ಐವತ್ತು ದಾಟಿದ ಶಾಂತಪ್ಪನವರು ಡೊಂಬಿವಲಿಯಿಂದಾಚೆಯ ಕಲ್ಯಾಣಕ್ಕೆ ಹೋಗಿ ಮತ್ತೆ ಸೆಂಟ್ರಿಂಗ್ ಹಲಗೆ ಹೊತ್ತರು. ಭಾನುವಾರ ಒಂದೊಂದು ವಾರ ಒಂದೊಂದು ಮನೆಯಲ್ಲಿ, ಚಪ್ಪಾಳೆ ತಟ್ಟದೆ ಹಾಡಿಸಿದರು. ಹಸಿದವರಿಗೆ ಕೊಟ್ಟದ್ದಕ್ಕೆ ನಾನು ಇವತ್ತಿಗೂ ಪಶ್ಚಾತ್ತಾಪ ಪಡುವುದಿಲ್ಲ. ಕೊಟ್ಟದ್ದಕ್ಕೆ ಅವರಿಂದ ಸಾಕ್ಷಿ ಕೇಳಿದೆನಲ್ಲ, ಅದಕ್ಕೆ. ಕೇಳಿದ ಮೇಲೆ ನಾನು ಸಾಕ್ಷಿ ಹೇಳಬೇಕಾದಲ್ಲಿ ಹೇಳಲಿಲ್ಲವಲ್ಲ, ಅದಕ್ಕೆ.

ಈ ನವೆಂಬರಿನಲ್ಲಿ, ಬದುಕಿದ್ದೇನೆ ಎಂದು ಸಹಿ ಹಾಕಿದವಳು ಮನೆಗೆ ಹೋಗಲಿಲ್ಲ. ಕಲ್ಯಾಣದ ಗಾಡಿ ಹತ್ತಿದೆ. ನಾಗಮ್ಮ ಅಲ್ಲಿಯೇ ಇದ್ದಾಳೆ, ರೊಟ್ಟಿ ಬಡಿದು ಮಾರುತ್ತಾಳೆ, ಶಾಂತಪ್ಪನವರ ಮನೆಯಿಂದ ಎರಡೇ ಗಲ್ಲಿ ಆಚೆ ಎಂದು ರೂತಮ್ಮ ಯಾವಾಗಲೋ ಹೇಳಿದ್ದಳು. "ಎದುರಿಗೆ ಬಂದ್ರ ಮಾರಿ ತಿರುವಿ ಹೋಗ್ತಾಳ್ರಿ" ಎಂದೂ ಹೇಳಿದ್ದಳು.

ನಾಗಮ್ಮ ಹಂಚಿನ ಮುಂದೆ ಕೂತಿದ್ದಳು. ನನ್ನ ಗುರುತು ಸಿಗಲಿಲ್ಲ. ರೊಟ್ಟಿ ಎಷ್ಟು ಬೇಕು ಎಂದಳು. ನಾನು ನಿಂತಲ್ಲೇ ಹೇಳಿದೆ: ದಿವಾದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡವಳು ನಾನು, ಯಾದಿ ಬರೆದವಳು ನಾನು, ಗೋಡೆಗೆ ಹಚ್ಚಿದವಳೂ ನಾನು, ಪಾಸ್ಟರು ಬೇಡ ಎಂದಿದ್ದರು, ಚೌಕಿಯಲ್ಲಿ ನನ್ನನ್ನು ಉಳಿಸಲು ತಾವೇ ಬರೆದದ್ದು ಎಂದು ಹೇಳಿದರು. ಲೋಕಲ್ಲಿನಲ್ಲಿ ಕೂತು ಏನೂ ಒಪ್ಪ ಮಾಡಿರಲಿಲ್ಲ. ಆದ್ದರಿಂದ ಮಾತು ತೊದಲಿತು.

ಅವಳು ಹಂಚಿನ ಮೇಲಿನ ರೊಟ್ಟಿ ತೆಗೆದಳು. ಗ್ಯಾಸು ಆರಿಸಿದಳು.

"ಅಂವ ಒಂದು ಮಾತು ಆಡಲಿಲ್ಲಲ್ಲ ಯವ್ವಾ. ನಾ ಅಷ್ಟು ಬೈದ್ರೂ."

ಎದ್ದು ಕೈ ತೊಳೆದು, ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಬಾಗಿಲಿಗೆ ಕೀಲಿ ಹಾಕಿದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಪಾಸ್ಟರ ಮನೆ ತೋರಿಸಲೇ ಎಂದು ಮಾತ್ರ ಕೇಳಿದೆ.

"ಗೊತ್ತದ" ಎಂದಳು ನಾಗಮ್ಮ. "ಹನ್ನೊಂದು ವರ್ಷ ಆ ಗಲ್ಲಿ ತಪ್ಪಿಸಿ ನಡದೀನಿ. ಗೊತ್ತಿಲ್ದೇ ಇರ್ತದೇನು?"

ಅವಳು ಮುಂದೆ ಹೊರಟಳು. ನಾನು ಹಿಂದಿನಿಂದ ನಡೆದೆ.