ಮೇಸ್ತ್ರಿಯ ರನ್ನರ್

ಮೇಸ್ತ್ರಿಗೆ ಬ್ಯಾಟು ಬೀಸುವುದು ಬರುತ್ತಿತ್ತು, ಓಡುವುದು ಆಗುತ್ತಿರಲಿಲ್ಲ. ಪ್ರಾಯದಿಂದ ಮಂಡಿಯೂರಿ ಕೂತು ಕಂಡವರ ಮನೆಗೆಲ್ಲ ಟೈಲ್ಸ್ ಹಾಕಿದವನ ಮಂಡಿ ಇನ್ನೇನಾದೀತು? ಕಣ್ಣು ಮಾತ್ರ ಹದ್ದಿನದು. ಎರಡು ಟೈಲ್ಸ್ ನಡುವಿನ ಸಂದು ಕೂದಲೆಳೆಯಷ್ಟು ಅತ್ತಿತ್ತ ಆದರೂ ಕಿತ್ತು ಮತ್ತೆ ಕೂರಿಸುತ್ತಿದ್ದ. ಅದೇ ಕಣ್ಣಿನಿಂದ ಇಬ್ಬರು ಫೀಲ್ಡರುಗಳ ನಡುವಿನ ಸಂದನ್ನೂ ಹುಡುಕಿ ಚೆಂಡು ತೂರಿಸುತ್ತಿದ್ದ. ಹಾಗಾಗಿ ಐವತ್ತು ದಾಟಿದವರ ತಂಡದಲ್ಲಿ, ಕುಂಟಿಕೊಂಡೇ ಬಂದರೂ ಅವನಿಗೊಂದು ಜಾಗವಿತ್ತು. ಅವನು ಹೊಡೆಯುತ್ತಿದ್ದ, ಅವನ ಬದಲಿಗೆ ರನ್ನರ್ ಆಗಿ ಓಡುತ್ತಿದ್ದವನು ಬಾಮೈದ.

ಮೈದಾನದಲ್ಲಷ್ಟೇ ಅಲ್ಲ, ಕೆಲಸದಲ್ಲೂ ಓಡುವ ಪಾಲು ಬಾಮೈದನದೇ. ಮೇಸ್ತ್ರಿ ಒಮ್ಮೆ ಕೂತರೆ ಏಳುವ ಪೈಕಿಯಲ್ಲ. ಬಾಲ್ದಿ ತಾ, ಕಟರ್ ತಾ, ನೀರು ತಾ ಎಂದು ಕೂತಲ್ಲಿಂದಲೇ ದರ್ಬಾರು. ಒಂದು ಪೆಟ್ಟಿಗೆ ಟೈಲ್ಸ್ ತಾರೋ ಅಂದರೆ ಬಾಮೈದ ಎರಡು ಹೊತ್ತು ತರುತ್ತಿದ್ದ. ಆಟದಲ್ಲೂ ಹಾಗೇ, ಒಂದು ರನ್ನು ಇದ್ದಲ್ಲಿ ಆ ಪುಣ್ಯಾತ್ಮನಿಗೆ ಎರಡು ಕಾಣುತ್ತಿತ್ತು. ಎಡಗೈಯನ್ನು ಸೊಂಟಕ್ಕೆ ಕೊಟ್ಟುಕೊಂಡು, ಗೆರೆ ಇನ್ನೂ ದೂರವಿರುವಾಗಲೇ ಬ್ಯಾಟನ್ನು ನೆಲಕ್ಕೆ ಉಜ್ಜುತ್ತ, "ಎರಡಿದೆ ಭಾವ, ಎರಡಿದೆ!" ಎಂದು ಕೂಗುತ್ತ ಓಡುತ್ತಿದ್ದ.

ಒಮ್ಮೆ ಮೇಸ್ತ್ರಿ ಮೈಮರೆತು ತಾನೇ ಓಡಿಬಿಟ್ಟಿದ್ದ. ರನ್ನರ್ ಇಟ್ಟುಕೊಂಡವನು ತಾನೇ ಗೆರೆ ದಾಟಿ ಹೋದರೆ, ಹಿಂದೆ ಕೀಪರ್ ಬೇಲ್ಸ್ ಹಾರಿಸಿದ ಕೂಡಲೇ ಔಟು. ರನ್ನರ್ ಎಲ್ಲೇ ಮುಟ್ಟಿರಲಿ, ಪ್ರಯೋಜನವಿಲ್ಲ. ತಂಡದವರು ವರ್ಷಗಟ್ಟಲೆ ಅದನ್ನೇ ಹೇಳಿ ಹೇಳಿ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಬಾಮೈದನೇ. "ನೀವು ಸುಮ್ಮನೆ ನಿಂತ್ಕೊಳ್ಳಿ ಭಾವ. ಓಡೋದಕ್ಕೆ ನಾನಿಲ್ವಾ?" ಅಂದಿದ್ದ.

ಪರದೇಶದ ಪಂದ್ಯಾವಳಿಗೆ ಟಿಕೆಟ್ ತೆಗೆಸಿದ್ದಾಗಿತ್ತು. ಆಗಲೇ ಒಂದು ಮಧ್ಯಾಹ್ನ ಎರಡು ಪೆಟ್ಟಿಗೆ ಹೊತ್ತು ಮಹಡಿ ಹತ್ತುತ್ತಿದ್ದ ಬಾಮೈದ ಮೆಟ್ಟಿಲ ಮೇಲೆ ಕೂತ, ಕೂತವನು ಹಾಗೇ ಹೋದ. ಮೇಲಿನಿಂದ ಮೇಸ್ತ್ರಿ "ಎಲ್ಲಿ ಸತ್ತೆಯೋ, ಬೇಗ ಬಾರೋ" ಎಂದು ಬೈಯುತ್ತಲೇ ಇದ್ದ. ಬೈದು ಸಾಕಾಗಿ ಕುಂಟುತ್ತ ಇಳಿದು ನೋಡಿದರೆ ಬಾಮೈದನ ತುಟಿ ನೀಲಿಗಟ್ಟಿತ್ತು. ಆಮೇಲೆ ಮೇಸ್ತ್ರಿ ಯಾರನ್ನೂ ಆ ಮಾತಿನಿಂದ ಬೈದದ್ದಿಲ್ಲ.

ಹೆಂಡತಿ ಅಳಲಿಲ್ಲ. ಹೊರಡುವ ಹಿಂದಿನ ದಿನ ಬಟ್ಟೆ ಮಡಿಚುತ್ತ ಒಂದೇ ಮಾತು ಹೇಳಿದಳು. "ಹೋಗೋದಾದ್ರೆ ಹೋಗಿ. ಅವನ ಪ್ಯಾಡು ಮಾತ್ರ ತಗೊಂಡು ಹೋಗ್ಬೇಡಿ. ನಡೆಯೋಕೆ ಕಲಿತಾಗಿಂದ ಓಡ್ತಾನೇ ಇದ್ದ ನನ್ನ ತಮ್ಮ. ಇನ್ನಾದ್ರೂ ಕೂತ್ಕೊಳ್ಲಿ."

ಮೇಸ್ತ್ರಿ ಹೂಂ ಅಂದ. ಅವಳು ಅತ್ತ ಹೋದ ಮೇಲೆ ಅಟ್ಟದಿಂದ ಪ್ಯಾಡು ಇಳಿಸಿ ಬ್ಯಾಗಿನ ತಳದಲ್ಲಿ, ಟವೆಲ್ಲಿನ ಕೆಳಗೆ ಹುದುಗಿಸಿಟ್ಟ. ಅವನಿಲ್ಲದೆ ಆಡಲು ಹೋಗುವುದಕ್ಕೆ ಹೆದರಿಕೆಯಾಗಿತ್ತು, ಅಷ್ಟೇ.

ಆ ಪರದೇಶದ ಮೈದಾನದಲ್ಲಿ ಗಾಳಿ ನಿಲ್ಲುತ್ತಲೇ ಇರಲಿಲ್ಲ. ನಾಲ್ಕಾರು ಮುದುಕರು ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದರು, ಚಪ್ಪಾಳೆ ತಟ್ಟಿದರೂ ಸದ್ದು ಇತ್ತ ಬರುತ್ತಿರಲಿಲ್ಲ. ಸೆಮಿಫೈನಲ್ಲು. ಮೇಸ್ತ್ರಿಯ ಸರದಿ ಬಂದಾಗ, ಆಗಲೇ ಔಟಾಗಿ ಬಂದಿದ್ದ ಬೇಕರಿಯವನನ್ನು ರನ್ನರ್ ಮಾಡಿದರು. ತಂಡದ ಬಾಯಲ್ಲಿ ಬರೀ ಬೇಕರಿ. ತೂಕದ ಆಸಾಮಿ, ಎದೆಗೆ ಸ್ಟೆಂಟ್ ಬೇರೆ ಹಾಕಿಸಿಕೊಂಡಿದ್ದ. ಉಳಿದವರಲ್ಲಿ ಒಬ್ಬನಿಗೆ ಸೊಂಟ, ಇನ್ನೊಬ್ಬನಿಗೆ ಹೊಟ್ಟೆ. ಇದ್ದುದರಲ್ಲಿ ಇವನೇ ವಾಸಿ. ಅವನ ಪ್ಯಾಡಿನ ಬಕಲ್ ಮುರಿದಿತ್ತು. ಮೇಸ್ತ್ರಿ ಹೆಲ್ಮೆಟ್ ಸರಿಮಾಡಿಕೊಳ್ಳುವಷ್ಟರಲ್ಲಿ ಬೇಕರಿ ಮೇಸ್ತ್ರಿಯ ಬ್ಯಾಗಿಗೇ ಕೈಹಾಕಿ ಒಂದು ಜೊತೆ ಎಳೆದು ಕಟ್ಟಿಕೊಂಡಾಗಿತ್ತು.

"ಇದೇನಯ್ಯ ಮೇಸ್ತ್ರಿ, ಒಳಗೆಲ್ಲ ಬೆಚ್ಚಗಿದೆ. ಬೆವರೂ ಇದೆ. ಈಗ ತಾನೆ ಯಾರೋ ಬಿಚ್ಚಿಟ್ಟ ಹಾಗಿದೆ."

ತಿಂಗಳುಗಟ್ಟಲೆ ಅಟ್ಟದಲ್ಲಿ ಧೂಳು ತಿಂದ ಪ್ಯಾಡು ಅದು. ಮೇಸ್ತ್ರಿ ಅದನ್ನು ಬಿಚ್ಚಿಸಲು ಕೈಚಾಚಿದ. ಬಾಯಿ ತೆರೆಯುವುದರೊಳಗೆ ಅಂಪೈರ್ ಕರೆದ.

ಮೊದಲ ಚೆಂಡನ್ನು ಸಂದು ನೋಡಿ ತಳ್ಳಿದ. ಒಂದು ರನ್ನು ಸಲೀಸು. ಪಕ್ಕದಲ್ಲಿ ಏನೋ ನೆಲಕ್ಕೆ ಉಜ್ಜುವ ಸದ್ದು ಕೇಳಿ ತಿರುಗಿದರೆ, ಬೇಕರಿ ಎಡಗೈಯನ್ನು ಸೊಂಟಕ್ಕೆ ಕೊಟ್ಟುಕೊಂಡು ಓಡುತ್ತಿದ್ದಾನೆ. "ಎರಡಿದೆ ಭಾವ, ಎರಡಿದೆ!"

ಬೇಕರಿ ಯಾವತ್ತೂ ಅವನನ್ನು ಭಾವ ಅಂದವನಲ್ಲ. ಆ ಗಂಟಲೂ ಬೇಕರಿಯದಲ್ಲ.

ಆಚೆ ತುದಿಯಲ್ಲಿ ಬ್ಯಾಟು ಹಿಡಿದಿದ್ದವರು ಕ್ಯಾಪ್ಟನ್, ರಿಟೈರಾದ ಹೆಡ್‌ಮಾಸ್ಟರು. ಅವರಿಗೆ ಖುಷಿಯೋ ಖುಷಿ. "ಬೇಕರಿಗೆ ಪ್ರಾಯ ತಿರುಗಿ ಬಂತಲ್ಲಯ್ಯ!" ಒಂದಕ್ಕೆ ಎರಡು, ಎರಡಕ್ಕೆ ಮೂರು ಬರುತ್ತ ಹೋಯಿತು. ಓವರ್ ಮುಗಿದಾಗ ಮೇಸ್ತ್ರಿ ಹತ್ತಿರ ಹೋಗಿ ನೋಡಿದ. ಬೇಕರಿಯ ತುಟಿ ನೀಲಿಗಟ್ಟುತ್ತಿತ್ತು.

"ಮೇಸ್ತ್ರಿ, ಕಾಲು ನನ್ನ ಮಾತು ಕೇಳ್ತಿಲ್ಲ. ಬಿಚ್ಚಯ್ಯ ಇದನ್ನ, ನಿನ್ನ ದಮ್ಮಯ್ಯ."

ಮೇಸ್ತ್ರಿ ಬಗ್ಗಿ ಬಕಲ್ ಎಳೆದ. ಸಿಮೆಂಟಿನಲ್ಲಿ ಕೂತ ಟೈಲಿನ ಹಾಗೆ ಅದು ಜಪ್ಪಯ್ಯ ಅನ್ನಲಿಲ್ಲ. ಬೇಕರಿಯ ಕಣ್ಣಲ್ಲಿ ನೀರು. ಅವನ ಬಾಯಿಂದ ಮಾತ್ರ ನಗುವ ದನಿಯೊಂದು ಬಂತು. "ನೀವು ಸುಮ್ಮನೆ ನಿಂತ್ಕೊಳ್ಳಿ ಭಾವ. ಓಡೋದಕ್ಕೆ ನಾನಿಲ್ವಾ?"

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಮೇಸ್ತ್ರಿಯೇ ಎಷ್ಟೋ ಸಲ ಬಾಮೈದನನ್ನು ರೇಗಿಸಿದ್ದ. ಆ ದೇಹ ಸುಟ್ಟು ಬಂದವನೂ ಮೇಸ್ತ್ರಿಯೇ.

"ಸಾರ್, ಇವನ ತುಟಿ ನೋಡಿ. ಇವನನ್ನ ಕಳಿಸ್ಬಿಡಿ, ನಾನೂ ಹೋಗ್ತೀನಿ" ಎಂದು ಹೆಡ್‌ಮಾಸ್ಟರನ್ನು ಬೇಡಿಕೊಂಡ.

"ಈ ಗಾಳಿಗೆ ನನ್ನ ತುಟೀನೂ ನೀಲಿಯೇ. ಇನ್ನು ಎಂಟು ರನ್ ಬೇಕು ಕಣಯ್ಯ. ಹೋಗಿ ನಿಂತ್ಕೋ!"

ಸರಿ, ಔಟಾದರೂ ಆಗೋಣ ಎಂದು ಮುಂದಿನ ಚೆಂಡಿಗೆ ಬ್ಯಾಟೇ ಎತ್ತಲಿಲ್ಲ. ಚೆಂಡು ಸ್ಟಂಪಿನ ಪಕ್ಕದಿಂದ ಹೋಯಿತು, ಕೀಪರನ ಕೈತಪ್ಪಿತು, ಬೇಕರಿ ಎರಡು ಓಡಿದ. ಅದರ ಮುಂದಿನದಕ್ಕೆ ಬೇಕೆಂದೇ ತಪ್ಪಾಗಿ ಬ್ಯಾಟು ಬೀಸಿದ, ಚೆಂಡು ಕಾಲಿಗೆ ಬಡಿದು ಉರುಳಿತು. ಅದಕ್ಕೂ ಎರಡು! ಉಜ್ಜುವ ಸದ್ದಿನ ಜೊತೆ ಈಗ ಬೇಕರಿಯ ಏದುಸಿರೂ ಕೇಳುತ್ತಿತ್ತು. ಇನ್ನೊಂದು ಸಲ ಓಡಿದರೆ ಈ ಮನುಷ್ಯ ಏಳುವುದಿಲ್ಲ.

ಆಗ ಮೇಸ್ತ್ರಿಗೆ ಹೊಳೆಯಿತು. ತಾನು ನಿಂತಿರುವ ತನಕ ಬಾಮೈದ ಓಡುತ್ತಾನೆ. ಮನೆಯಲ್ಲಿ, ಕೆಲಸದಲ್ಲಿ, ಆಟದಲ್ಲಿ ನಡೆದು ಬಂದದ್ದೇ ಹಾಗೆ.

ಮುಂದಿನ ಚೆಂಡನ್ನು ಬೇಕೆಂದೇ ನೆಲಕ್ಕೆ ಉರುಳಿಸಿ ಹತ್ತಿರದ ಫೀಲ್ಡರನ ಕೈಗೆ ತಳ್ಳಿದ. "ಕೂತ್ಕೊಳೋ!" ಎಂದು ಮೈದಾನ ಬೆಚ್ಚುವಂತೆ ಕಿರುಚಿದ. "ಇದು ನನ್ನ ರನ್ನು. ನಾನೇ ಓಡ್ತೀನಿ!"

ಓಡಿದ. ಮಂಡಿಯೊಳಗೆ ಗಾಜು ಪುಡಿಯಾದಂತಾಯಿತು. ಹಿಂದೆ ಕೀಪರ್ ಬೇಲ್ಸ್ ಹಾರಿಸಿದ, ಅಂಪೈರನ ಬೆರಳು ಮೇಲೆ ಹೋಯಿತು, ಎದುರು ತಂಡದವರು ಬಿದ್ದು ಬಿದ್ದು ನಕ್ಕರು. ಮೇಸ್ತ್ರಿ ನಿಲ್ಲಲಿಲ್ಲ. ಆಚೆ ತುದಿ ಮುಟ್ಟಿ, ಬಾಯಿ ತೆರೆದು ನಿಂತಿದ್ದ ಹೆಡ್‌ಮಾಸ್ಟರನ್ನು ಬಳಸಿ ತಿರುಗಿದ. "ಎರಡಿದೆ ಕಣೋ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ, ಅಳುತ್ತ, ಕುಂಟುತ್ತ ವಾಪಸ್ಸು ಓಡಿದ.

ಬೇಕರಿ ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ. ತುಟಿಗೆ ಬಣ್ಣ ಬರುತ್ತಿತ್ತು. ಪ್ಯಾಡುಗಳು ಬಿಚ್ಚಿಕೊಂಡು ಪಕ್ಕದಲ್ಲಿ ಬಿದ್ದಿದ್ದವು. ಯಾರು ಬಿಚ್ಚಿದರೆಂದು ಕೇಳಿದರೆ ಅವನಿಗೆ ಗೊತ್ತಿಲ್ಲ.

ಪಂದ್ಯ ಸೋತರು. ಹೆಡ್‌ಮಾಸ್ಟರು ಮುಖ ಊದಿಸಿಕೊಂಡು ಬಸ್ಸು ಹತ್ತಿದರು. ಮೇಸ್ತ್ರಿ ಖಾಲಿಯಾದ ಡ್ರೆಸ್ಸಿಂಗ್ ರೂಮಿನಲ್ಲಿ ಮಂಡಿಗೆ ಐಸ್ ಇಟ್ಟುಕೊಂಡು ಮನೆಗೆ ಫೋನ್ ಮಾಡಿದ.

"ಅಟ್ಟದಲ್ಲಿ ಪ್ಯಾಡಿಲ್ಲ" ಎಂದಳು ಹೆಂಡತಿ.

"ಹೂಂ. ನಾನೇ ತಂದೆ. ತಪ್ಪಾಯ್ತು."

"ಯಾರು ಓಡಿದ್ರು ಇವತ್ತು?"

"ಕೊನೇದು ನಾನೇ ಓಡಿದೆ ಕಣೇ. ಔಟಾದೆ."

"ಅವನು?" ಎಂದಳು.

ಮೇಸ್ತ್ರಿ ಎದುರಿನ ಬೆಂಚು ನೋಡಿದ. ಅಲ್ಲಿಟ್ಟಿದ್ದ ಪ್ಯಾಡುಗಳು ಮಂಡಿಯ ಹತ್ತಿರ ಮಡಿಚಿಕೊಂಡು, ಯಾರೋ ಆರಾಮಾಗಿ ಕೂತಾಗ ಕಾಲು ಇಳಿಬಿಟ್ಟ ಹಾಗೆ, ಬೆಂಚಿನಿಂದ ಕೆಳಕ್ಕೆ ಇಳಿದಿದ್ದವು.

"ಕೂತಿದ್ದಾನೆ" ಎಂದ.

ಆ ಮೆಟ್ಟಿಲಿನ ದಿನವೂ ಅಳದಿದ್ದ ಹೆಂಡತಿ ಆಗ ಬಿಕ್ಕಿ ಬಿಕ್ಕಿ ಅತ್ತಳು.