ಅದಲು ಬದಲು ಪ್ರಾರ್ಥನೆ

ನಮ್ಮ ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಅಂಗಿಗಳ ಗುಂಡಿತೂತಿಗೆ ಕೈಯಲ್ಲೇ ಕಾಜಾ ಹಾಕುವವಳನ್ನು ಎಲ್ಲರೂ ಕಾಜಾ ಅಕ್ಕ ಎನ್ನುತ್ತೇವೆ. ನನ್ನ ಮೆಷಿನ್ ಇರುವುದು ಅವಳ ಸ್ಟೂಲಿನ ಪಕ್ಕದಲ್ಲೇ. ಅವಳ ಹೊಟ್ಟೆಕಿಚ್ಚಿನ ಬಿಸಿ ತಾಗಿದಷ್ಟು ನನಗೆ ಇಸ್ತ್ರಿಪೆಟ್ಟಿಗೆಯ ಬಿಸಿಯೂ ತಾಗಿಲ್ಲ. ಆದರೂ ಅವಳನ್ನು ಯಾರಾದರೂ ಆಡಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅವಳಿಗೆ ಒಬ್ಬಳೇ ತಂಗಿ. ತನಗಾಗಿ ಬೇಡಿಕೊಳ್ಳುವುದು ಸ್ವಾರ್ಥ ಎಂದು ಅವರಮ್ಮ ಚಿಕ್ಕಂದಿನಲ್ಲೇ ತಲೆಗೆ ತುಂಬಿದ್ದಳು. ಹಾಗಾಗಿ ಅಕ್ಕನ ಪರೀಕ್ಷೆಗೆ ತಂಗಿಯ ಪ್ರಾರ್ಥನೆ, ತಂಗಿಯ ಹಲ್ಲುನೋವಿಗೆ ಅಕ್ಕನದು. ಮದುವೆಯಾದ ಮೇಲೂ ಈ ಅದಲು ಬದಲು ತಪ್ಪಲಿಲ್ಲ.

ಕಳೆದ ವರ್ಷ ಷಡ್ಡಕರಿಬ್ಬರೂ ಒಂದೇ ಬೈಕಿನಲ್ಲಿ ಹೋಗುತ್ತಿದ್ದಾಗ ಲಾರಿ ಗುದ್ದಿತು. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಅಕ್ಕ ತಂಗಿಯ ಗಂಡನಿಗಾಗಿ ಬೇಡಿಕೊಂಡಳು, ತಂಗಿ ಭಾವನಿಗಾಗಿ. ಭಯವಿಲ್ಲ, ಉಳಿಯುತ್ತಾನೆ ಎಂದು ಡಾಕ್ಟರು ಹೇಳಿದ್ದ ಅಕ್ಕನ ಗಂಡ ತೀರಿಕೊಂಡ. ಅವರೇ ಕೈಚೆಲ್ಲಿದ್ದ ತಂಗಿಯ ಗಂಡ ಕಣ್ಣು ಬಿಟ್ಟ. ಇದು ಪವಾಡವೇ ಸರಿ ಎಂದರು ಡಾಕ್ಟರು.

ತಂಗಿಯ ಮನೆಗೆ ಜನ ಆ ಪವಾಡದ ಮನುಷ್ಯನನ್ನು ನೋಡಲು ಬರತೊಡಗಿದರು. ಆತನೂ ಸಾವಿನಂಚಿನಲ್ಲಿ ತಾನು ಕಂಡ ಬೆಳಕಿಗೆ ಪ್ರತಿ ಸಲ ಒಂದಿಷ್ಟು ಬಣ್ಣ ಹಚ್ಚಿ ಹೇಳುತ್ತಿದ್ದ. ಎರಡು ಬೀದಿ ಆಚೆ, ಅಕ್ಕನ ಮನೆಗೆ ಬಂದವರದು ಬೇರೆ ರಾಗ.

"ಒಳ್ಳೆಯವರು ಬೇಕು ಅಂತ ದೇವರು ಕರೆಸ್ಕೊಂಡ ಕಣೆ," ಎಂದರು ಅವಳ ಚಿಕ್ಕಮ್ಮ.

"ನಿಮ್ಮನ್ನ ಇನ್ನೂ ಯಾಕೆ ಕರೆಸ್ಕೊಂಡಿಲ್ಲ ಅಂತ ಈಗ ಗೊತ್ತಾಯ್ತು ಬಿಡಿ ಚಿಕ್ಕಮ್ಮ."

ಚಿಕ್ಕಮ್ಮ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ತಂಗಿಯ ಮನೆಯ ಹಗ್ಗದ ಮೇಲೆ ಒಣಗುವ ಗಂಡಸಿನ ಅಂಗಿ ಕಂಡರೂ ಅಕ್ಕನಿಗೆ ಸಂಕಟ. ಒಂದು ದಿನ ತಂಗಿ, "ಇವರ ಗೊರಕೆಗೆ ನಿದ್ದೇನೇ ಇಲ್ಲ ಕಣೆ," ಎಂದು ಗೊಣಗಿದಳಂತೆ. ಮರುದಿನ ಅಕ್ಕ ಕತ್ತರಿ ಒತ್ತಿದ ರಭಸಕ್ಕೆ ಕಾಜಾ ಹಾಕಬೇಕಿದ್ದ ಪಟ್ಟಿಯೇ ಸೀಳಿಹೋಯಿತು.

"ನಾನು ಕೇಳಿದ್ದು ಅವಳ ಮನೆಗೆ ಸಿಕ್ತು," ಎಂದಳು ನನ್ನ ಹತ್ತಿರ. "ಅವಳು ನಿಜವಾಗ್ಲೂ ನಮ್ಮವರಿಗೆ ಕೇಳಿದ್ಲಾ? ಕದ್ದುಮುಚ್ಚಿ ತನ್ನ ಗಂಡನಿಗೇ ಕೇಳ್ಕೊಂಡಿರ್ತಾಳೆ. ಇಬ್ಬರ ಪ್ರಾರ್ಥನೇನೂ ಅವನಿಗೇ ಹೋಯ್ತು. ನಮ್ಮವರಿಗೆ ಯಾರಿದ್ರು ಹೇಳು?"

ಅವತ್ತಿನಿಂದ ತಂಗಿಯ ಜೊತೆಗೂ ದೇವರ ಜೊತೆಗೂ ಮಾತು ಬಿಟ್ಟಳು.

ಮೊನ್ನೆ ತಂಗಿ ಏದುಸಿರು ಬಿಡುತ್ತ ಅಂಗಡಿಗೇ ಬಂದಳು. ಗಂಡನ ತಲೆಯಲ್ಲಿ ಮತ್ತೆ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದರು.

"ಅಕ್ಕ, ನೀನು ದೇವರನ್ನ ಕೇಳು."

"ನೀನೇ ಕೇಳ್ಕೋ. ಹೋದ ಸಲ ಕೇಳ್ಕೊಂಡ ಹಾಗೆ."

ತಂಗಿ ಅವಳನ್ನೇ ದಿಟ್ಟಿಸಿದಳು. "ಹೋದ ಸಲ ಭಾವನಿಗೆ ಕೇಳ್ದೆ. ಭಾವ ಒಬ್ಬರಿಗೇ. ಇವರ ನೆನಪಾದ್ರೆ ನಾಲಿಗೆ ಕಚ್ಕೋತಿದ್ದೆ, ನಿನಗೆ ಮೋಸ ಆಗುತ್ತೆ ಅಂತ. ದೇವರಿಗೆ ನಿನ್ನ ಮಾತು ಕೇಳಿಸ್ತು, ನನ್ನದು ಕೇಳಿಸಲಿಲ್ಲ. ಅವತ್ತಿಂದ ನಿನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ ಕಣೆ. ಈಗ ನಾನು ಕೇಳಿದ್ರೆ ಇವರೂ ಸಾಯ್ತಾರೆ."

ಮೆಷಿನ್‌ಗಳೆಲ್ಲ ನಿಂತವು. ಕಾಜಾ ಅಕ್ಕ ತಂಗಿಯನ್ನು ಅಪ್ಪಿಕೊಳ್ಳಲಿಲ್ಲ, ಅಳಲೂ ಇಲ್ಲ. ಅವಳ ಕಿಚ್ಚು ಒಂದು ಮಾತಿಗೆ ಆರುವಂಥದ್ದಲ್ಲ. ಗೋಡೆ ಕಡೆ ತಿರುಗಿ ಕೂತು, ಬಾಕಿ ವಸೂಲಿಗೆ ಬಂದವಳ ಹಾಗೆ ಜೋರಾಗಿಯೇ ಶುರುಮಾಡಿದಳು.

"ಏ, ಕೇಳಿಸ್ತಿದ್ಯಾ? ನಮ್ಮವರನ್ನ ಕಿತ್ಕೊಂಡೆ. ಯಾಕೆ ಅಂತ ಹೇಳಲೂ ಇಲ್ಲ. ಅದನ್ನ ನಾನು ಸಾಯೋವರೆಗೂ ಕ್ಷಮಿಸಲ್ಲ. ಇವಳಿಗೆ ಗಂಡ ಇರಲಿ. ಅದನ್ನ ನೋಡಿ ನೋಡಿ ನನಗೆ ಹೊಟ್ಟೆ ಉರೀತಾನೇ ಇರಲಿ. ಅವನನ್ನ ಬಿಟ್ಬಿಡು."